ಮಠದ ಊಟದ ಚಿತ್ರವನ್ನು ಓದುವುದು ಹೇಗೆ? ತಟ್ಟೆಯಿಂದ ಶುರುಮಾಡಿ

ಉದ್ದನೆಯ ಮೇಜು, ಸಾಲಾಗಿ ಕೂತ ಸನ್ಯಾಸಿಗಳು, ಮುಂದೆ ರೊಟ್ಟಿ. ಇಷ್ಟು ಕಂಡ ಕೂಡಲೇ ಯೇಸುವಿನ ಕಡೆಯ ಭೋಜನಕ್ಕೆ ಹೋಲಿಸಲು ಹೊರಡುವವರೇ ಹೆಚ್ಚು. ದಾರಿ ತಪ್ಪುವುದು ಅಲ್ಲೇ. ಇವರು ಯಾವ ಪಂಥದವರು, ತಟ್ಟೆಯಲ್ಲಿ ಏನಿದೆ, ಯಾರೂ ಯಾಕೆ ಉಣ್ಣುತ್ತಿಲ್ಲ ಎಂದು ಮೊದಲು ಕೇಳಿಕೊಳ್ಳಿ. ಸ್ಪೇನಿನ ಸೆವಿಲ್ ನಗರದ ಲಲಿತಕಲಾ ಮ್ಯೂಸಿಯಂನಲ್ಲಿರುವ, 17ನೇ ಶತಮಾನದ ಸ್ಪೇನಿನ ಚಿತ್ರಕಾರ ಸುರ್ಬರಾನ್‌ನ ದೊಡ್ಡ ತೈಲಚಿತ್ರ, 'ಕಾರ್ತೂಸಿಯನ್ನರ ಭೋಜನಶಾಲೆಯಲ್ಲಿ ಸಂತ ಹ್ಯೂ', ಇದಕ್ಕೆ ಒಳ್ಳೆಯ ಉದಾಹರಣೆ.

ಉಡುಪು ನೋಡಿ. ಪೂರ್ತಿ ಬಿಳಿ ನಿಲುವಂಗಿ, ಅದರ ಮೇಲೆ ಹಿಂದೆ ಮುಂದೆ ಇಳಿಬಿದ್ದ ಬಟ್ಟೆ, ಎರಡನ್ನೂ ಪಕ್ಕದಲ್ಲಿ ಕೂಡಿಸುವ ಪಟ್ಟಿ: ಇದು ಕ್ಯಾಥೊಲಿಕ್ ಸನ್ಯಾಸಿ ಪಂಥವಾದ ಕಾರ್ತೂಸಿಯನ್ನರ ಗುರುತು. ಆಮೇಲೆ ತಲೆ ಎಣಿಸಿ. ಏಳು ಜನ, ಅಂದರೆ 1084ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಬಳಿಯ ಬೆಟ್ಟದಲ್ಲಿ ಈ ಪಂಥದ ಮೊದಲ ಮಠ ಕಟ್ಟಿದ ಬ್ರೂನೊ ಮತ್ತು ಅವನ ಆರು ಸಂಗಡಿಗರು.

ಈಗ ತಟ್ಟೆ. ಅದರಲ್ಲಿರುವುದು ಮಾಂಸ. ಇಡೀ ಚಿತ್ರ ನಿಂತಿರುವುದೇ ಇದರ ಮೇಲೆ. ಕಥೆ ಹೀಗಿದೆ: ತಪಸ್ಸುಕಾಲಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳಿಗೆ, ಮುಂಚಿನ ಭಾನುವಾರ ಗ್ರೆನೋಬಲ್‌ನ ಬಿಷಪ್ ಹ್ಯೂ ಮಠಕ್ಕೆ ಮಾಂಸ ಕಳಿಸಿದ. ತಿನ್ನಬಹುದೇ ಬೇಡವೇ ಎಂದು ಚರ್ಚಿಸುತ್ತಲೇ ಸನ್ಯಾಸಿಗಳು ನಿದ್ದೆಹೋದರು. ಈಸ್ಟರ್‌ಗೆ ಹಿಂದಿನ ಪವಿತ್ರ ವಾರದ ಬುಧವಾರ ಬಿಷಪ್ ಬಂದಾಗ ಅವರಿಗೆ ಎಚ್ಚರ. ಅವರ ಲೆಕ್ಕದಲ್ಲಿ ಇನ್ನೂ ಅದೇ ಭಾನುವಾರ. ಮಾಂಸ ಬೂದಿಯಾಯಿತು. ಆ ಭಾನುವಾರದಿಂದ ಈಸ್ಟರ್‌ಗೆ 49 ದಿನ, ಬುಧವಾರದಿಂದ ಈಸ್ಟರ್‌ಗೆ 4; ನಿದ್ದೆ 45 ದಿನದ್ದು. ತಪಸ್ಸುಕಾಲ ಶುರುವಾಗುವುದೇ ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರದಿಂದ, ಅದು ಆ ನಿದ್ದೆಯೊಳಗೇ ಕಳೆದುಹೋಯಿತು. ಹಾಗಾಗಿ ತಟ್ಟೆಯ ಬೂದಿಯನ್ನು ಆ ದಿನದ ಬೂದಿಯ ಜೊತೆಗೇ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಮಠದ ನಿಯಮ ಗೊತ್ತಿದ್ದರೆ ಇನ್ನೊಂದು ಎಳೆ ಸಿಗುತ್ತದೆ. ಕಾರ್ತೂಸಿಯನ್ನರು ಸಾಮಾನ್ಯ ದಿನಗಳಲ್ಲಿ ತಮ್ಮ ತಮ್ಮ ಕೋಣೆಯಲ್ಲಿ ಒಬ್ಬೊಬ್ಬರೇ ಉಣ್ಣುತ್ತಾರೆ. ಒಟ್ಟಿಗೆ ಕೂರುವುದು ಭಾನುವಾರ, ಹಬ್ಬಗಳಲ್ಲಿ. ಎಲ್ಲರೂ ಒಂದೇ ಮೇಜಿಗೆ ಕೂತಿರುವುದೇ ದಿನ ಯಾವುದೆಂದು ಹೇಳುತ್ತದೆ.

ವಯಸ್ಸನ್ನು ಮಾತ್ರ ಇತಿಹಾಸವೆಂದು ನಂಬಬೇಡಿ. ಹ್ಯೂ ಹುಟ್ಟಿದ್ದು 1053ರಲ್ಲಿ, ಮಠ ಶುರುವಾದಾಗ ಮೂವತ್ತರ ಆಸುಪಾಸು. ಚಿತ್ರದಲ್ಲಿ ಕೋಲೂರಿ ಬಾಗಿದ ಮುದುಕ. ಇಲ್ಲಿ ಮುಪ್ಪು ಗೌರವದ ಗುರುತು.

ಗೋಡೆಯ ಮೇಲಿನ ಚಿತ್ರವನ್ನು ಅಲಂಕಾರವೆಂದು ದಾಟಿಹೋಗುವುದು ದೊಡ್ಡ ತಪ್ಪು. ಅಲ್ಲಿ ಮಗುವಿನೊಂದಿಗೆ ಕನ್ಯಾ ಮರಿಯಮ್ಮ, ಜೊತೆಗೆ ಸ್ನಾನಿಕ ಯೊವಾನ್ನ. ಇಬ್ಬರೂ ಈ ಪಂಥದ ಪಾಲಕರು. ಮಿಡತೆ, ಕಾಡುಜೇನು ತಿಂದು ಅಡವಿಯಲ್ಲಿದ್ದ ಯೊವಾನ್ನ ಮಾಂಸದ ತಟ್ಟೆಗಳ ನೆತ್ತಿಯ ಮೇಲಿರುವುದು ಸುಮ್ಮನೆ ಅಲ್ಲ.

ಹಾಗಂತ ಕಂಡದ್ದಕ್ಕೆಲ್ಲ ಅರ್ಥ ಹಚ್ಚಬೇಡಿ. ಚಾಕು ಚಾಕುವಾಗಿಯೇ ಇರಲಿ. ನೀಲಿ ಬಿಳಿ ಹೂಜಿಗಳು ತಲವೆರಾ ಶೈಲಿಯ ಸ್ಪೇನಿನ ಪಿಂಗಾಣಿ. 11ನೇ ಶತಮಾನದ ಫ್ರಾನ್ಸಿನ ಕಥೆಯನ್ನು ಚಿತ್ರಕಾರ ತನ್ನ ಕಾಲದ ಮೇಜಿಗೆ ತಂದಿದ್ದಾನೆ.

ಕೊನೆಗೆ, ಚಿತ್ರ ಮೊದಲು ಎಲ್ಲಿತ್ತೆಂದು ಹುಡುಕಿ. ಇದನ್ನು ಬರೆದದ್ದು ಸೆವಿಲ್‌ನ ಲಾಸ್ ಕ್ವೆವಾಸ್ ಮಠದ ಪೂಜಾವಸ್ತ್ರದ ಕೋಣೆಗೆ, ಇನ್ನೆರಡು ಚಿತ್ರಗಳ ಜೊತೆ: ಮೇಲಂಗಿಯಡಿ ಸನ್ಯಾಸಿಗಳನ್ನು ಕಾಯುವ ಮರಿಯಮ್ಮ, ಪೋಪ್ 2ನೇ ಅರ್ಬನ್ ಮುಂದೆ ಕೂತ ಬ್ರೂನೊ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೊಂದೂ ಈ ಪಂಥದ ಒಂದೊಂದು ಗುಣವನ್ನು ಹೇಳುತ್ತದೆ; ಊಟದ ಚಿತ್ರದ ಪಾಲಿಗೆ ಬಂದಿರುವುದು ಮಾಂಸತ್ಯಾಗ.