ಕೆನಡಾಕ್ಕೆ ಹೊರಟ ಕಲಬುರಗಿ, ಬೀದರ್, ಯಾದಗಿರಿಯವರೇ, ನಿಮ್ಮ ಪದವಿ ಯಾವ ವಿಶ್ವವಿದ್ಯಾಲಯದ್ದು?

ವಲಸೆಯ ಪಾಯಿಂಟ್ ಲೆಕ್ಕ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಎಲ್ಲರಿಗೂ ಬಾಯಿಪಾಠ. ನಮ್ಮ ಕಡೆಯವರು ಎಡವುವುದು ಪದವಿ ಮೌಲ್ಯಮಾಪನದಲ್ಲಿ. ಅಲ್ಲಿ ಕಾಯಂ ನೆಲೆಸಲು ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿ ಹಾಕುವಾಗ, ನಿಮ್ಮ ಬಿಕಾಂ ಕೆನಡಾದ ಯಾವ ಪದವಿಗೆ ಸಮ ಎಂದು ಡಬ್ಲ್ಯುಇಎಸ್ (ವರ್ಲ್ಡ್ ಎಜುಕೇಶನ್ ಸರ್ವಿಸಸ್) ನಂಥ ಮೌಲ್ಯಮಾಪನ ಸಂಸ್ಥೆಯಿಂದ ವರದಿ ಪಡೆಯಬೇಕು. ನಿಮ್ಮ ಕೈಯಲ್ಲಿರುವ ಮಾರ್ಕ್ಸ್ ಕಾರ್ಡ್ ಅವರಿಗೆ ಸಾಲದು. ಪದವಿ ಕೊಟ್ಟ ವಿಶ್ವವಿದ್ಯಾಲಯವೇ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪಟ್ಟಿಯನ್ನು, ನೇರವಾಗಿ ಕಳಿಸಬೇಕು. ಪ್ರಿನ್ಸಿಪಾಲರ ಸೀಲು ನಡೆಯುವುದಿಲ್ಲ.

ಶಹಾಪುರದ ಹುಡುಗನೊಬ್ಬ 2014ರ ಬಿಕಾಂ. ಅವನ ಕಾಲೇಜು ಈಗ ರಾಯಚೂರು ವಿಶ್ವವಿದ್ಯಾಲಯದ ಕೆಳಗಿದೆ ಅಂತ ಫಾರಂನಲ್ಲಿ ಅದನ್ನೇ ತುಂಬಿದ. ಅಣ್ಣ ರಜೆ ಹಾಕಿ ರಾಯಚೂರಿಗೆ ಹೋದರೆ ಅಲ್ಲಿ ಇವನ ದಾಖಲೆ ಎಲ್ಲಿಂದ ಬರಬೇಕು? ಪದವಿ ಪತ್ರದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಅಂತ ದಪ್ಪಕ್ಷರದಲ್ಲಿದೆ. ಓದಿಯೇ ಇಲ್ಲ ಪುಣ್ಯಾತ್ಮ!

ಗೊಂದಲಕ್ಕೂ ಕಾರಣವಿದೆ ಅನ್ನಿ. 1970ರಲ್ಲಿ ಕಲಬುರಗಿಯಲ್ಲಿ ಶುರುವಾಗಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಿಜಿ ಸೆಂಟರ್. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬೀದರ್, ರಾಯಚೂರು, ಬಳ್ಳಾರಿಯ ಕಾಲೇಜುಗಳೂ ಇದಕ್ಕೇ ಸೇರಿದವು. ಆಮೇಲೆ ಮನೆ ಪಾಲಾಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಂದಾಗ ಎಂಜಿನಿಯರಿಂಗ್ ಹೋಯಿತು. 2010ರಲ್ಲಿ ಬಳ್ಳಾರಿ, 2021ರಲ್ಲಿ ರಾಯಚೂರು, 2023ರಲ್ಲಿ ಬೀದರ್ ಬೇರೆಯಾದವು. 1998ಕ್ಕಿಂತ ಮೊದಲು ಸೇರಿದ ಎಂಜಿನಿಯರುಗಳು ಬೆಳಗಾವಿಗೆ ಓಡಬೇಡಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಂತೂ ಪೂರ್ತಿ ಬೇರೆ. ಊರು 2014ರಲ್ಲಿ ಕಲಬುರಗಿ ಆದರೂ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾನೇ. ಪತ್ರದಲ್ಲಿ ಹೇಗಿದೆಯೋ ಹಾಗೇ ತುಂಬಿ.

ಈ ವಿಷಯದಲ್ಲಿ ನನಗೆ ಟೊರಾಂಟೊದ ಪದ್ಧತಿಯೇ ಇಷ್ಟ. ಅಲ್ಲಿನ ವಿಶ್ವವಿದ್ಯಾಲಯ 1960ರ ದಶಕದಲ್ಲೇ ಸ್ಕಾರ್ಬರೊ, ಮಿಸ್ಸಿಸಾಗಾದಲ್ಲಿ ಕ್ಯಾಂಪಸ್ ಮಾಡಿತು. ಹುಡುಗರಿಗೆ ಕಾಲೇಜು ಹತ್ತಿರವಾಯಿತು, ಪದವಿ ಮಾತ್ರ ಒಂದೇ ಹೆಸರಿನದು. ನಮ್ಮಲ್ಲಿ ಜಿಲ್ಲೆಗೊಂದು ಬೋರ್ಡು ಹಾಕಿ, ಹಳೆ ವಿದ್ಯಾರ್ಥಿಗಳನ್ನು ಅಲೆಸುತ್ತೇವೆ.

ಇನ್ನು ವಿಶ್ವವಿದ್ಯಾಲಯ ಟ್ರಾನ್ಸ್‌ಕ್ರಿಪ್ಟ್ ಹಾಕಿ ಅಂಟಿಸುವ ಲಕೋಟೆ. ಮೊದಲು ಡಬ್ಲ್ಯುಇಎಸ್‌ನಲ್ಲಿ ಖಾತೆ ತೆರೆದು ರೆಫರೆನ್ಸ್ ನಂಬರ್ ತೆಗೆದುಕೊಳ್ಳಿ. ಅದು ಲಕೋಟೆಯ ಮೇಲೆ ಇರಬೇಕು. ಅಂಟಿಸಿದ ಜಾಗದ ಮೇಲೆ ಸೀಲು, ಸಹಿ ಬಿದ್ದಿದೆಯಾ ಅಂತ ಅಲ್ಲೇ ನಿಂತು ನೋಡಲು ಮನೆಯವರಿಗೆ ಹೇಳಿ. ಬೀದರ್‌ನ ಒಬ್ಬರ ತಂದೆ "ಒಳಗೆ ಎಲ್ಲಾ ಸರಿ ಇದೆಯಾ ನೋಡೋಣ" ಅಂತ ಮನೆಗೆ ತಂದು ಬಿಚ್ಚಿದರು. ಮತ್ತೆ ಅರ್ಜಿ, ಮತ್ತೆ ಫೀಸು, ಮತ್ತೆ ಬಸ್ಸು. ದಯವಿಟ್ಟು ಯಾರೂ ಬಿಚ್ಚಬೇಡಿ. "ನಾನೇ ಎಲ್ಲಾ ಮಾಡಿಸ್ತೀನಿ" ಅನ್ನುವ ಏಜೆಂಟರಿಗೂ ಸುಮ್ನೆ ದುಡ್ಡು ಸುರಿಯಬೇಡಿ. ಅಧಿಕಾರ ಪತ್ರ ಬರೆದುಕೊಟ್ಟು ತಮ್ಮನನ್ನೋ ತಂಗಿಯನ್ನೋ ಕಳಿಸಿ.

ಘಟಿಕೋತ್ಸವದ ಪದವಿ ಪತ್ರ ಇನ್ನೂ ತೆಗೆದುಕೊಂಡಿಲ್ಲದವರು ಅದಕ್ಕೆ ಇವತ್ತೇ ಅರ್ಜಿ ಹಾಕಿ. ಮೌಲ್ಯಮಾಪನದ ವರದಿ 5 ವರ್ಷ ನಡೆಯುತ್ತದೆ, ಐಇಎಲ್‌ಟಿಎಸ್ ಅಂಕ ಬರೀ 2 ವರ್ಷ. ಹಾಗಾಗಿ ಪರೀಕ್ಷೆ ಆಮೇಲೆ ಬರೆದರೂ ನಡೆಯುತ್ತದೆ, ಟ್ರಾನ್ಸ್‌ಕ್ರಿಪ್ಟ್ ಕೆಲಸ ಮೊದಲು ಹಿಡಿಯಿರಿ.