ಕೋಳಿಗೂಡಿನ ಒಳಗೆ ಏನು ಎಲ್ಲಿರಬೇಕು?

ಹಿತ್ತಿಲಲ್ಲಿ ಕೋಳಿ ಸಾಕಲು ಹೊರಟವರು ತಗಡಿನ ಮಾಡು, ಗಟ್ಟಿ ಬಾಗಿಲು, ಬೀಗ ಎಲ್ಲವನ್ನೂ ಮುತುವರ್ಜಿಯಿಂದ ಮಾಡಿಸುತ್ತಾರೆ. ಕೊನೆಗೆ ಒಳಗೊಂದು ನೀರಿನ ಬೋಗುಣಿ ಇಟ್ಟು ಕೋಳಿ ಬಿಟ್ಟುಬಿಡುತ್ತಾರೆ. ಸ್ವಲ್ಪ ದಿನಕ್ಕೇ ವಾಸನೆ, ಹಿಕ್ಕೆ ಮೆತ್ತಿದ ಮೊಟ್ಟೆ, ಪಕ್ಕದ ಮನೆಯವರ ತಕರಾರು ಶುರುವಾಗುತ್ತದೆ. ಗೂಡಿನ ಒಳಾಂಗಣಕ್ಕೆ ಬೇಕಾದ ಲೆಕ್ಕ ಒಂದೇ: ರಾತ್ರಿ ಹಿಕ್ಕೆ ಎಲ್ಲಿ ಬೀಳಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ, ಮಿಕ್ಕಿದ್ದನ್ನೆಲ್ಲ ಅದರಿಂದ ದೂರ ಇಡಿ.

ಇಲ್ಲಿ ಕೊಟ್ಟಿರುವುದು 6 ಅಡಿ ಉದ್ದ, 5 ಅಡಿ ಅಗಲದ ಗೂಡಿನ ಅಳತೆ. ಹಗಲೆಲ್ಲ ಹೊರಗೆ ಕೆದಕಿಕೊಂಡಿರುವ ಹತ್ತು ಹೇಂಟೆ, ಒಂದು ಹುಂಜಕ್ಕೆ ಇಷ್ಟು ಜಾಗ ಸಾಕು.

ಮೊದಲು ಗಳ

ಸಂಜೆ ಗೂಡು ಸೇರಿದ ಕೋಳಿ ಬೆಳಗಿನವರೆಗೆ ಗಳದ ಮೇಲೇ, ಅಂದರೆ ಕೂರಲು ಅಡ್ಡಲಾಗಿ ಹಾಕಿದ ಕೋಲಿನ ಮೇಲೇ ಇರುತ್ತದೆ. ಕಾಡುಕೋಳಿಗಳು ರಾತ್ರಿ ಮರ ಹತ್ತಿ ಕೂರುತ್ತವಲ್ಲ, ಆ ಬುದ್ಧಿ ನಮ್ಮ ನಾಟಿ ಕೋಳಿಗೂ ಬಿಟ್ಟಿಲ್ಲ. ಒಳಗೆ ಎಲ್ಲಕ್ಕಿಂತ ಎತ್ತರ ಯಾವುದೋ ಅದನ್ನೇ ಹುಡುಕುತ್ತದೆ. ಆ ಎತ್ತರ ಗಳದ್ದೇ ಆಗಿರಲಿ.

ಬಾಗಿಲಿನ ಎದುರಿನ ಗೋಡೆಯ ಕಡೆ, ನೆಲದಿಂದ ಎರಡೂವರೆ ಅಡಿ ಮೇಲೆ, 5 ಅಡಿಯ ಎರಡು ಗಳ ಹಾಕಿ. ಮೊದಲನೆಯದು ಗೋಡೆಯಿಂದ ಒಂದು ಅಡಿ ಆಚೆ, ಎರಡನೆಯದು ಅದರಿಂದ ಮತ್ತೊಂದು ಅಡಿ ಆಚೆ. ಒಂದು ಕೋಳಿಗೆ 8ರಿಂದ 10 ಇಂಚು ಜಾಗ ಹಿಡಿದರೆ ಹನ್ನೊಂದಕ್ಕೂ ಸಾಲುತ್ತದೆ. ಎರಡೂ ಗಳ ಒಂದೇ ಮಟ್ಟದಲ್ಲಿರಲಿ. ಒಂದು ಮೇಲೆ, ಒಂದು ಕೆಳಗೆ ಮಾಡಿದರೆ ಮೇಲಿನದಕ್ಕಾಗಿ ದಿನಾ ಸಂಜೆ ಜಗಳ, ಕೆಳಗೆ ಕೂತವುಗಳ ಬೆನ್ನ ಮೇಲೆ ಹಿಕ್ಕೆ. ಗಿರಿರಾಜದಂಥ ಮೈಭಾರದ ತಳಿಯಾದರೆ ಎತ್ತರವನ್ನು ಒಂದೂವರೆ ಅಡಿಗೆ ಇಳಿಸಿ. ಮೇಲಿಂದ ಧೊಪ್ಪನೆ ಹಾರಿದರೆ ಅಂಗಾಲು ಗಾಯವಾಗಿ ಬಾವು ಬರುತ್ತದೆ.

ಗಳಕ್ಕೆ ಎರಡು ಇಂಚು ಅಗಲದ ರೀಪು ಒಳ್ಳೆಯದು. ಮೂಲೆಗಳನ್ನು ಉಜ್ಜಿ ದುಂಡು ಮಾಡಿಕೊಳ್ಳಿ. ಕಬ್ಬಿಣದ ಪೈಪು, ಪಿವಿಸಿ ಪೈಪು ಬೇಡವೇ ಬೇಡ, ಅವು ಜಾರುತ್ತವೆ. ಮೊಳೆ ಹೊಡೆಯುವ ಬದಲು ಎರಡೂ ಕಡೆ ಗೂಟಕ್ಕೆ ಕಚ್ಚು ಮಾಡಿ ಗಳವನ್ನು ಅದರಲ್ಲಿ ಕೂರಿಸಿ, ಆಗ ತೆಗೆದು ತೊಳೆಯಲು ಬರುತ್ತದೆ. ರಕ್ತ ಹೀರುವ ಕೆಂಪು ಉಣ್ಣಿಗಳು ಹಗಲು ಅಡಗುವುದು ಈ ಸಂದಿಗಳಲ್ಲೇ. ರಾತ್ರಿ ಟಾರ್ಚ್ ಹಿಡಿದು ಗಳದ ತುದಿ ಎತ್ತಿ ನೋಡಿ. ಬೂದಿ ಉದುರಿದಂತೆ ಕಂಡದ್ದು ಮೆಲ್ಲಗೆ ಸರಿದಾಡಿದರೆ ಅದು ಉಣ್ಣಿ. ಗಳವನ್ನು ಹೊರಗೆ ತಂದು ಕುದಿನೀರು ಹುಯ್ದು, ಬಿಸಿಲಿಗೆ ಒಣಗಿಸಿ, ಬೇವಿನೆಣ್ಣೆ ಬಳಿದು ವಾಪಸ್ ಇಡಿ.

ಗಳದ ಕೆಳಗೆ ಹಳೆಯ ತಗಡೋ ಪ್ಲೈವುಡ್ಡೋ ಹಾಸಿ, ಮೇಲೆ ಒಲೆಬೂದಿ ಚೆಲ್ಲಿ. ಬೆಳಿಗ್ಗೆ ಕೆರೆದು ಗೊಬ್ಬರದ ಗುಂಡಿಗೆ ಹಾಕಿದರೆ ಅರ್ಧ ವಾಸನೆ ಅಲ್ಲಿಗೇ ಮುಗಿಯಿತು. ಹಸಿ ಹಿಕ್ಕೆಯನ್ನು ನೇರ ಗಿಡದ ಬುಡಕ್ಕೆ ಸುರಿಯಬೇಡಿ, ಗಿಡ ಸುಟ್ಟುಹೋಗುತ್ತದೆ.

ನೆಲದ ಹಾಸು

ಉಳಿದ ನೆಲಕ್ಕೆ ಮೂರು ನಾಲ್ಕು ಇಂಚು ದಪ್ಪ ಭತ್ತದ ಹೊಟ್ಟು ಹರಡಿ. ಮರದ ಹೊಟ್ಟು, ಒಣಗಿಸಿದ ತೆಂಗಿನ ನಾರಿನ ಪುಡಿಯೂ ಆಗುತ್ತದೆ. ಕಡಲೆಕಾಯಿ ಸಿಪ್ಪೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಬೂಸ್ಟು ಹಿಡಿದದ್ದು ಬಂದರೆ ಕೋಳಿಗೆ ವಿಷ.

ಹಾಸು ಹೇಗಿದೆ ಎಂದು ತಿಳಿಯಲು ಒಂದು ಮುಷ್ಟಿ ತೆಗೆದು ಹಿಸುಕಿ, ಕೈ ಬಿಡಿಸಿ. ಪುಡಿಪುಡಿಯಾಗಿ ಉದುರಿದರೆ ಚೆನ್ನಾಗಿದೆ, ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ಒದ್ದೆ ಹಾಸಿನಲ್ಲೇ ರಕ್ತಭೇದಿ ರೋಗ ಹಬ್ಬುವುದು. ಒದ್ದೆ ಭಾಗ ಎತ್ತಿಹಾಕಿ, ಕೋಳಿಗಳು ಹೊರಗಿರುವಾಗ ಸ್ವಲ್ಪ ಅರಳಿದ ಸುಣ್ಣದ ಪುಡಿ ಬೆರೆಸಿ, ಕೆದಕಿ. ವಾಸನೆ ನೋಡುವುದಾದರೆ ನಿಂತು ನೋಡಬೇಡಿ. ಕುಕ್ಕರಗಾಲಲ್ಲಿ ಕೂತು ಕೋಳಿಯ ಮೂತಿಯ ಮಟ್ಟಕ್ಕೆ ಬಗ್ಗಿ. ಕಣ್ಣು ಚುರುಗುಟ್ಟಿದರೆ ಗಾಳಿ ಸಾಲದು ಎಂದರ್ಥ.

ಗಾಳಿಗೆ ಮಾಡಿನ ಕೆಳಗೆ, ಎರಡು ಉದ್ದದ ಗೋಡೆಗಳಲ್ಲೂ ಒಂದು ಅಡಿ ಜಾಲರಿ ಬಿಡಿ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್ ಆಗಬೇಕು. ಷಟ್ಕೋನದ ತೆಳು ಜಾಲರಿ ಕೋಳಿಯನ್ನು ತಡೆಯಬಹುದು, ಮುಂಗುಸಿ ಹಾವುಗಳನ್ನಲ್ಲ. ಮಲೆನಾಡು, ಕರಾವಳಿಯಲ್ಲಿ ಎರಚಲು ಒಳಗೆ ಬರದಂತೆ ಮಾಡನ್ನು ಮುಂದಕ್ಕೆ ಚಾಚಿಸಿ.

ಮೊಟ್ಟೆಗೂಡು

ನಾಲ್ಕೈದು ಹೇಂಟೆಗೆ ಒಂದು ಗೂಡು ಸಾಕು. ಹತ್ತು ಮಾಡಿಟ್ಟರೂ ಎಲ್ಲವೂ ಒಂದರ ಮುಂದೆಯೇ ಸರದಿ ನಿಲ್ಲುತ್ತವೆ! ಒಂದು ಅಡಿ ಉದ್ದ, ಅಗಲ, ಎತ್ತರದ ಮರದ ಪೆಟ್ಟಿಗೆಯನ್ನು ಮಬ್ಬು ಬೆಳಕಿನ ಪಕ್ಕದ ಗೋಡೆಗೆ, ಒಂದೂವರೆ ಅಡಿ ಎತ್ತರದಲ್ಲಿ ಜೋಡಿಸಿ. ಗಳ ಇಳಿಸಿದ್ದರೆ ಇದನ್ನೂ ಇಳಿಸಬೇಕು. ಮೊಟ್ಟೆಗೂಡು ಗಳಕ್ಕಿಂತ ಮೇಲಾದರೆ ಕೋಳಿ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ. ಮುಂದೆ ನಾಲ್ಕು ಇಂಚಿನ ಅಡ್ಡಪಟ್ಟಿ, ಮೇಲೆ ಕೂರಲಾಗದಂತೆ ಇಳಿಜಾರು ಮುಚ್ಚಳ, ಒಳಗೆ ಒಣಹುಲ್ಲು. ಹೊಸದಾಗಿ ಮೊಟ್ಟೆ ಇಡುವ ಹೇಂಟೆಗಳಿಗೆ ದಾರಿ ತೋರಲು ಮೊಟ್ಟೆಯಾಕಾರದ ನುಣುಪು ಕಲ್ಲಿಗೆ ಸುಣ್ಣ ಬಳಿದು ಇಟ್ಟರಾಯಿತು.

ಮೇವು, ನೀರು

ಬೆಳಕು ಹರಿಯುತ್ತಲೇ ಬಾಗಿಲು ತೆಗೆಯುವವರಾದರೆ ರಾತ್ರಿ ಒಳಗೆ ಮೇವೂ ಬೇಡ, ನೀರೂ ಬೇಡ. ಕತ್ತಲಲ್ಲಿ ಕೋಳಿ ತಿನ್ನುವುದಿಲ್ಲ, ತಿನ್ನುವುದು ಇಲಿ. ಹಗಲು ಕೂಡಿಹಾಕುವ ದಿನ ಎರಡನ್ನೂ ಬಾಗಿಲ ಬಳಿ, ಕೋಳಿಯ ಬೆನ್ನಿನ ಮಟ್ಟಕ್ಕೆ ತೂಗುಹಾಕಿ. ಮೇವಿನ ಪಾತ್ರೆಯನ್ನು ಮೂರನೇ ಒಂದು ಭಾಗ ಮಾತ್ರ ತುಂಬಿ. ತುಂಬಿ ತುಳುಕಿದರೆ ಕೊಕ್ಕಿನಿಂದ ಚೆಲ್ಲಾಡುತ್ತವೆ. ಕೋಳಿಯೊಂದಕ್ಕೆ ದಿನಕ್ಕೆ ಕಾಲು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಅದರ ಎರಡರಷ್ಟಾದರೂ ಆದೀತು. ಮಳೆಗಾಲಕ್ಕೆ ಒಂದು ಮೂಲೆಯಲ್ಲಿ ಬಾಂಡ್ಲಿ ತುಂಬ ಒಣಮಣ್ಣು, ಬೂದಿ ಇಡಿ. ಹೊರಗೆಲ್ಲ ಕೆಸರಾದಾಗ ಅವು ಹೊರಳಿ ಮೈ ಕೊಡವಿಕೊಳ್ಳುವುದು ಅದರಲ್ಲೇ.

ತಂದ ಕೋಳಿಗಳನ್ನು ಮೊದಲ ಒಂದು ವಾರ ಒಳಗೇ ಇಟ್ಟುಕೊಳ್ಳಿ, ಮನೆ ಯಾವುದೆಂದು ಗುರುತಾಗಲಿ. ಮೊಟ್ಟೆಗೂಡಿನಲ್ಲೋ ಮೂಲೆಯಲ್ಲೋ ಮುದುಡಿ ಕೂತವುಗಳನ್ನು ಕತ್ತಲಾದ ಮೇಲೆ ಮೆತ್ತಗೆ ಎತ್ತಿ ಗಳದ ಮೇಲೆ ಕೂರಿಸಿ. ಕೆಲವು ರಾತ್ರಿ ಹೀಗೆ ಮಾಡಿದರೆ ಆಮೇಲೆ ತಾವೇ ಹತ್ತುತ್ತವೆ.