ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕುಣಿಯುತ್ತಾ? ಕ್ಯಾಲಿಪರ್ ಕೂತ ಜಾಗ ನೋಡಿ

ಪುಣೆಯ ಭೋಸರಿ, ಚಿಂಚವಡದ ವರ್ಕ್‌ಶಾಪ್‌ಗಳಲ್ಲಿ ಬೆಳಗಾವಿ, ವಿಜಯಪುರ ಕಡೆಯ ಹುಡುಗರು ತುಂಬಾ ಇದ್ದಾರೆ. ಅವರಲ್ಲಿ ಕೆಲವರಿಗೆ ಮಣ್ಣಿನ ಆಟೋಕ್ರಾಸ್ (ತಿರುವುಗಳ ಹಾದಿಯಲ್ಲಿ ನಡೆಯುವ ಕಾರ್ ರೇಸ್) ಹುಚ್ಚು. ಹಳೆ ಜಿಪ್ಸಿ ಹಿಡಿದು, ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುತ್ತಾರೆ. ಆಮೇಲೆ ತಿರುವಿನ ಮುಂಚೆ ಬ್ರೇಕ್ ಒತ್ತಿದರೆ ಹಿಂಬದಿ ದಡದಡ ಕುಣಿಯುತ್ತೆ ಅಂತ ಶಾಕ್ ಅಬ್ಸಾರ್ಬರ್ ಬದಲಿಸಲು ಹೊರಡುತ್ತಾರೆ. ಆ ಖರ್ಚು ಸ್ವಲ್ಪ ತಡೆಯಿರಿ.

ಮೊದಲು ಗಾಡಿ ಕೆಳಗೆ ನುಗ್ಗಿ ನೋಡಿ. ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಕೂತ ಬ್ರಾಕೆಟ್ ನೇರವಾಗಿ ಆಕ್ಸಲ್ ಹೌಸಿಂಗ್‌ಗೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚಕ್ಕೆ, ಬೋಲ್ಟ್ ಆಗಿದೆಯಾ? ಹಾಗಿದ್ದರೆ ಬ್ರೇಕ್ ಹಿಡಿದ ಕ್ಷಣ ಕ್ಯಾಲಿಪರ್ ಚಕ್ರದ ಜೊತೆ ಮುಂದಕ್ಕೆ ತಿರುಗಲು ನೋಡುತ್ತೆ, ಹೌಸಿಂಗನ್ನೂ ತಿರುಚುತ್ತೆ. ಹೌಸಿಂಗ್‌ನ ಮೂತಿ (ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವ ಮುಂಭಾಗ) ಕೆಳಗೆ ಬಾಗುತ್ತೆ. ಜಿಪ್ಸಿಯಲ್ಲಿ ಇದನ್ನು ತಡೆಯೋದು ಪ್ಲೇಟ್ ಸ್ಪ್ರಿಂಗ್ ಮಾತ್ರ. ಅದು ಹಾವಿನ ಹಾಗೆ ಡೊಂಕಾಗಿ, ಮತ್ತೆ ನೆಟ್ಟಗಾಗಿ, ಮತ್ತೆ ಡೊಂಕಾಗುತ್ತೆ. ಆಗ ಟೈರ್ ಮಣ್ಣು ಬಿಟ್ಟು ಹಿಡಿದು ಮಾಡುತ್ತೆ. ಅನುಮಾನವಿದ್ದರೆ ಮೊಬೈಲನ್ನು ಚಾಸಿಗೆ ಗಟ್ಟಿಯಾಗಿ ಕಟ್ಟಿ, ಹೌಸಿಂಗ್ ಮೂತಿಯನ್ನು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. ಬ್ರೇಕ್ ಒತ್ತಿದಾಗ ಮೂತಿ ಮೇಲೆ ಕೆಳಗೆ ಆಡಿದರೆ ಕಳ್ಳ ಸಿಕ್ಕಂತೆ.

ಇದಕ್ಕೆ ನನಗೆ ಸರಿ ಅನ್ನಿಸುವ ದಾರಿ, ಬ್ರಾಕೆಟನ್ನು ಹೌಸಿಂಗ್ ಮೇಲೆ ಬೇರಿಂಗ್‌ನಲ್ಲಿ ಸಲೀಸಾಗಿ ತಿರುಗಲು ಬಿಟ್ಟು, ಅಲ್ಲಿಂದ ಮುಂದಕ್ಕೆ ಚಾಸಿಗೆ ಒಂದು ರಾಡ್ ಕೊಡುವುದು. ಹಳೆ ಬೈಕ್‌ಗಳ ಹಿಂದಿನ ಡ್ರಮ್‌ನಿಂದ ಸ್ವಿಂಗ್‌ಆರ್ಮ್‌ಗೆ ಒಂದು ಪಟ್ಟಿ ಇರುತ್ತಲ್ಲ, ಅದೇ ಕೆಲಸ. ತಿರುಚುವ ಬಲ ಸ್ಪ್ರಿಂಗ್ ಬಿಟ್ಟು ರಾಡ್ ಮೇಲೆ ಹೋಗುತ್ತೆ.

ಬ್ರಾಕೆಟ್ ಎತ್ತರ ಲೆಕ್ಕ ಹಾಕಿಯೇ ಮಾಡಿಸಿ. ಒಂದು ಚಕ್ರಕ್ಕೆ ನೆಲದ ಹಿಡಿತ 100 ಕೆಜಿ, ಟೈರ್ ಮಧ್ಯದಿಂದ ನೆಲಕ್ಕೆ 33 ಸೆಂಮೀ ಅಂದುಕೊಳ್ಳಿ. ರಾಡ್ ಆಕ್ಸಲ್ ಮಧ್ಯದಿಂದ 11 ಸೆಂಮೀ ಮೇಲಿದ್ದರೆ ಅದರ ಮೇಲೆ 300 ಕೆಜಿ (100 × 33 ÷ 11) ಬೀಳುತ್ತೆ. 20 ಸೆಂಮೀ ಮೇಲಿದ್ದರೆ 165 ಕೆಜಿ. ಗಿಡ್ಡ ಬ್ರಾಕೆಟ್ ನೋಡಲು ಚೆಂದ, ಬೋಲ್ಟ್‌ಗೆ ಕಷ್ಟ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ರಾಡ್ ಎಷ್ಟು ಓರೆಯಾಗಿದೆ ಅನ್ನೋದು. ಚಾಸಿ ಕಡೆಯ ಬ್ರಾಕೆಟ್‌ನಲ್ಲಿ ಮೇಲೆ ಕೆಳಗೆ ಮೂರ್ನಾಲ್ಕು ತೂತು ಇರಲಿ. ಡ್ರೈವರ್ ತನ್ನ ಸೀಟಿನಲ್ಲಿ ಕೂತಿದ್ದು, ನಾಲ್ಕೂ ಚಕ್ರ ನೆಲದ ಮೇಲಿರುವಾಗ ರಾಡ್ ಮಟ್ಟವಾಗಿರುವಂತೆ ಕೂರಿಸಿ. ಜಾಕ್ ಮೇಲೆ ಅಳೆದರೆ ಅದು ಸುಳ್ಳು ಅಳತೆ. ಮಟ್ಟದ ರಾಡ್ ಬಾಡಿಯನ್ನು ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ. ಚಾಸಿ ತುದಿ ಎತ್ತರವಾದರೆ ಬ್ರೇಕ್ ಹಿಡಿದಾಗ ರಾಡ್ ಬಾಡಿಯನ್ನು ಮೇಲೆ, ಆಕ್ಸಲನ್ನು ಕೆಳಗೆ ತಳ್ಳುತ್ತೆ. ಒತ್ತಿದ ಕೂಡಲೇ ಟೈರ್ ಮುರುಮ್ (ಗರಸು) ಮಣ್ಣನ್ನು ಕಚ್ಚುತ್ತೆ. ಅತಿಯಾದರೆ ಹಿಂಬದಿ ಎದ್ದು ನಿಲ್ಲುತ್ತೆ. ತುದಿ ತಗ್ಗಿದರೆ ತಿರುಗಾಮುರುಗಾ: ಹಿಂಬದಿ ತಗ್ಗಿ ಶಾಂತವಾಗಿ ಕಾಣುತ್ತೆ, ಆದರೆ ಟೈರ್ ಹಗುರಾಗಿ, ತಿರುವಿಗೆ ಹೊಕ್ಕಾಗ ಹಿಂಬದಿ ಜಾರುತ್ತೆ. ಒಂದು ಸಲಕ್ಕೆ ಒಂದೇ ತೂತು ಬದಲಿಸಿ, ಅದೇ ತಿರುವಿನಲ್ಲಿ ಓಡಿಸಿ ನೋಡಿ.

ಎಡ ಬಲ ಎರಡೂ ಒಂದೇ ಅಳತೆ ಇರಲಿ. ಅಮೆರಿಕದ ಮಣ್ಣಿನ ಓವಲ್‌ನಲ್ಲಿ ಬರೀ ಎಡಕ್ಕೇ ತಿರುಗುತ್ತಾರೆ, ಅದಕ್ಕೆ ಅಲ್ಲಿ ಎರಡು ಬದಿಗೂ ಬೇರೆ ಬೇರೆ ಇಟ್ಟರೂ ನಡೆಯುತ್ತೆ. ನಮ್ಮ ಆಟೋಕ್ರಾಸ್‌ನಲ್ಲಿ ಎರಡೂ ಕಡೆ ತಿರುಗಬೇಕು ಅಲ್ವಾ?

ಹೌಸಿಂಗ್ ಮೇಲೆ ವೆಲ್ಡಿಂಗ್ ಮಾಡಲೇಬೇಕಾದರೆ ಸ್ವಲ್ಪ ಸ್ವಲ್ಪವೇ, ಆರಲು ಬಿಟ್ಟು ಮಾಡಿಸಿ. ಒಂದೇ ಸಮ ಕಾಯಿಸಿದರೆ ಹೌಸಿಂಗ್‌ನ ಕೊಳವೆ ಸೊಟ್ಟಗಾಗುತ್ತೆ. ಚಕ್ರ ಪೂರ್ತಿ ಕೆಳಗೆ ಜೋತಾಗ ಬ್ರೇಕ್ ಹೋಸ್ ಬಿಗಿಯಾಗಬಾರದು. ರಸ್ತೆಯಲ್ಲಿ ಓಡುವ ಗಾಡಿಗೆ ಈ ಕೆಲಸ ಖಂಡಿತ ಬೇಡ. ರೇಸಿನ ಗಾಡಿಯಾದರೂ ಬ್ರಾಕೆಟ್ ಕತ್ತರಿಸುವ ಮುಂಚೆ ನಿಮ್ಮ ಕ್ಲಾಸಿನ ನಿಯಮದಲ್ಲಿ ಇದಕ್ಕೆ ಅವಕಾಶ ಇದೆಯಾ ಅಂತ ಸ್ಕ್ರೂಟಿನಿಯವರನ್ನು (ರೇಸಿಗೆ ಮುಂಚೆ ಗಾಡಿ ತಪಾಸಣೆ ಮಾಡುವವರನ್ನು) ಕೇಳಿಕೊಳ್ಳಿ.